ಸಾವಿರಾರು ಜನರ ಓಡಾಟ ಅಳೆಯುವುದು ಹೇಗೆ? ಪ್ರಶ್ನಾವಳಿಯಿಂದ ಕೈಪಟ್ಟಿಯವರೆಗೆ, ಹಂತ ಹಂತವಾಗಿ

"ಯಾವ ಮೀಟರ್ ತಗೊಳ್ಳಲಿ?" ದೊಡ್ಡ ಆರೋಗ್ಯ ಸಮೀಕ್ಷೆಗೆ ಕೈ ಹಾಕುವವರು ಕೇಳುವ ಮೊದಲ ಪ್ರಶ್ನೆ ಹೆಚ್ಚು ಕಮ್ಮಿ ಯಾವಾಗಲೂ ಇದೇ. (ಮೀಟರ್ ಅಂದರೆ ಇಲ್ಲಿ, ಮೈಗೆ ಕಟ್ಟಿಕೊಂಡು ಓಡಾಟ ಅಳೆಯುವ ಸಣ್ಣ ಯಂತ್ರ.) ಎರಡನೆಯದು, "ಮೀಟರಿಗೆ ದುಡ್ಡಿಲ್ಲ, ಪ್ರಶ್ನಾವಳಿ ಸಾಕಾಗುತ್ತಾ?" ಮೂರನೆಯದು ಒಂದು ವರ್ಷ ಬಿಟ್ಟು ಬರುತ್ತದೆ: "ಡೇಟಾ ಬಂದಿದೆ, ಈಗ ಏನು ಮಾಡೋದು?" ಈ ಮೂರನೆಯದಕ್ಕೆ ಉತ್ತರ ಕೊಡುವುದು ಕಷ್ಟ. ಅಷ್ಟು ಹೊತ್ತಿಗೆ ತಪ್ಪಿಸಬಹುದಾಗಿದ್ದ ತಪ್ಪುಗಳೆಲ್ಲ ಆಗಿ ಹೋಗಿರುತ್ತವೆ.

ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ನೀವು ವಿದ್ಯಾರ್ಥಿಯಾಗಿರಬಹುದು, ಕ್ಷೇತ್ರದಲ್ಲಿ ಡೇಟಾ ತರುವವರಾಗಿರಬಹುದು, ಅಥವಾ ಬೇರೆಯವರು ಸಂಗ್ರಹಿಸಿದ ಫೈಲು ಮುಂದಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿರಬಹುದು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಚಟುವಟಿಕೆಯ ಅಂಕಿ ತೂಕದ ಹಾಗಲ್ಲ. ತೂಕವನ್ನು ಯಾವ ತಕ್ಕಡಿಯಲ್ಲಿ ನೋಡಿದರೂ ಹೆಚ್ಚು ಕಮ್ಮಿ ಅಷ್ಟೇ ಬರುತ್ತದೆ. ಚಟುವಟಿಕೆಯ ಅಂಕಿಯನ್ನು ನೀವು ಅಳೆದ ರೀತಿಯೇ ಅರ್ಧ ತಯಾರಿಸಿರುತ್ತದೆ.

ಶುರು ಮಾಡುವ ಮುಂಚೆ ನಿಮ್ಮ ಬಳಿ ಇರಬೇಕಾದದ್ದು: ಅಧ್ಯಯನದ ಪ್ರಶ್ನೆ, ಎಷ್ಟು ಜನ ಮತ್ತು ಯಾವ ವಯಸ್ಸಿನವರು ಅನ್ನುವ ಲೆಕ್ಕ, ನೈತಿಕ ಸಮಿತಿಯ ಒಪ್ಪಿಗೆ, ಜೊತೆಗೆ ಅಂಕಿಅಂಶ ಗೊತ್ತಿರುವ ಒಬ್ಬರು. ಆ ಒಬ್ಬರನ್ನು ಕೊನೆಗೆ ಕರೆಯಬೇಡಿ, ಇವತ್ತೇ ಕರೆಯಿರಿ.

1. ಏನು ಅಳೆಯುತ್ತೀರಿ ಅನ್ನುವುದನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ದೈಹಿಕ ಚಟುವಟಿಕೆ ಅಳೆಯುತ್ತೇವೆ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಮೈ ಅಲ್ಲಾಡಿಸಿ ಶಕ್ತಿ ಖರ್ಚು ಮಾಡುವ ಯಾವ ಕೆಲಸವಾದರೂ ದೈಹಿಕ ಚಟುವಟಿಕೆಯೇ. ವ್ಯಾಯಾಮ ಅದರ ಒಂದು ಸಣ್ಣ ತುಂಡು. ಫಿಟ್‌ನೆಸ್ ಅಂತೂ ಬೇರೆಯೇ ವಿಷಯ, ಅದು ದೇಹದ ಸಾಮರ್ಥ್ಯ. ಇವು ಮೂರನ್ನೂ ಒಂದೇ ಅಂದುಕೊಂಡು ಬರೆದ ವರದಿಗಳಿಗೆ ಲೆಕ್ಕವಿಲ್ಲ.

ಚಟುವಟಿಕೆಗೆ ನಾಲ್ಕು ಮುಖ ಇವೆ: ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ಬಿರುಸಾಗಿ, ಯಾವ ಬಗೆಯದು. ನಡೆಯುವ ಜಾಗವೂ ನಾಲ್ಕು: ದುಡಿಮೆ, ಓಡಾಟ (ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಬರುವುದು), ಮನೆಗೆಲಸ, ಬಿಡುವು. ನಿಮಗೆ ಇವುಗಳಲ್ಲಿ ಯಾವುದು ಬೇಕು? ಬಿಡುವಿನ ಹೊತ್ತಿನ ಆಟ, ಓಟ ಮಾತ್ರ ಕೇಳಿದರೆ, ದಿನವಿಡೀ ಮೂಟೆ ಹೊರುವವನು ನಿಮ್ಮ ಪಟ್ಟಿಯಲ್ಲಿ ಸೋಮಾರಿ ಆಗಿಬಿಡುತ್ತಾನೆ.

ಈ ಕ್ಷೇತ್ರ ಶುರುವಾದದ್ದೇ ದುಡಿಮೆಯನ್ನು ನೋಡಿ. 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿದರು. ಕೂತೇ ಕೆಲಸ ಮಾಡುವ ಡ್ರೈವರುಗಳಲ್ಲಿ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಹೃದಯದ ರಕ್ತನಾಳದ ಕಾಯಿಲೆ ಜಾಸ್ತಿ ಕಂಡಿತು. ಅಲ್ಲಿ ಮೀಟರೂ ಇರಲಿಲ್ಲ, ಪ್ರಶ್ನಾವಳಿಯೂ ಇರಲಿಲ್ಲ. ಹುದ್ದೆಯ ಹೆಸರೇ ಅಳತೆ. ಈ ಕಥೆಗೆ ಒಂದು ಬಾಲವಿದೆ, ಎಂಟನೇ ಹಂತದಲ್ಲಿ ಹೇಳುತ್ತೇನೆ.

ಇನ್ನೊಂದು ಪದ ಇಲ್ಲೇ ಕಲಿತುಬಿಡಿ: ಮೆಟ್. ಸುಮ್ನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿ 1 ಮೆಟ್. ಲೆಕ್ಕಕ್ಕೆ ಅದನ್ನು ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಅಂತ ಇಟ್ಟುಕೊಳ್ಳುತ್ತಾರೆ. 3 ಮೆಟ್‌ನಿಂದ ಮೇಲೆ ಮಧ್ಯಮ, 6ರಿಂದ ಮೇಲೆ ಬಿರುಸು. ಎಚ್ಚರವಿದ್ದು, ಕೂತು ಅಥವಾ ಒರಗಿ 1.5 ಮೆಟ್ ಒಳಗೇ ಇದ್ದರೆ ಅದು ಕೂತ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಅಥವಾ 75ರಿಂದ 150 ನಿಮಿಷ ಬಿರುಸಿನ ಚಟುವಟಿಕೆ. ಎರಡನ್ನೂ ಬೆರೆಸಿ ಮಾಡಿದರೂ ಆಗುತ್ತದೆ.

ಈಗ ವಾಕ್ಯ ಬರೆಯಿರಿ. ಹೀಗಿರಲಿ: "40 ದಾಟಿದವರು ದಿನಕ್ಕೆ ಸರಾಸರಿ ಎಷ್ಟು ನಿಮಿಷ ಮಧ್ಯಮ ಅಥವಾ ಅದಕ್ಕಿಂತ ಬಿರುಸಾದ ಚಟುವಟಿಕೆ ಮಾಡುತ್ತಾರೆ, ನಾಲ್ಕೂ ಜಾಗ ಸೇರಿ." ಈ ವಾಕ್ಯ ಗೋಡೆಗೆ ಅಂಟಿಸಿ. ಮುಂದಿನ ಪ್ರತಿ ಜಗಳಕ್ಕೂ ಅದೇ ನ್ಯಾಯಾಧೀಶ.

2. ಸಲಕರಣೆ ಆರಿಸಿ

ನಿಜಕ್ಕೂ ಇರುವ ಆಯ್ಕೆ ಎರಡೇ: ಕೇಳುವುದು, ಇಲ್ಲವೇ ಮೈಗೆ ಕಟ್ಟುವುದು.

ಶಕ್ತಿ ಖರ್ಚಿಗೆ ಬಂಗಾರದಂಥ, ಅಂದರೆ ಎಲ್ಲಕ್ಕಿಂತ ನಂಬಬಹುದಾದ ಅಳತೆ ಡಬ್ಲಿ ಲೇಬಲ್ಡ್ ವಾಟರ್. ಭಾರದ ಹೈಡ್ರೋಜನ್, ಆಮ್ಲಜನಕ ಸೇರಿಸಿದ ನೀರು ಕುಡಿಸಿ, ಒಂದೆರಡು ವಾರ ಮೂತ್ರ ಪರೀಕ್ಷೆ ಮಾಡಿ ಒಟ್ಟು ಖರ್ಚು ತಿಳಿಯುವ ವಿಧಾನ. ತುಂಬ ದುಬಾರಿ. ಮೇಲಾಗಿ ಒಟ್ಟು ಮೊತ್ತ ಮಾತ್ರ ಹೇಳುತ್ತದೆ, ಆ ಮನುಷ್ಯ ಓಡಿದನೋ ನಡೆದನೋ ಹೇಳುವುದಿಲ್ಲ. ಸಾವಿರಾರು ಜನರಿಗೆ ಇದು ಆಗದ ಮಾತು. ಸಣ್ಣ ಗುಂಪಿನಲ್ಲಿ ಬೇರೆ ವಿಧಾನಗಳನ್ನು ಒರೆಗೆ ಹಚ್ಚಲು ಸರಿ.

ಹೆಜ್ಜೆ ಎಣಿಸುವ ಪೆಡೋಮೀಟರ್ ಅಗ್ಗ, ಜನಕ್ಕೂ ಅರ್ಥವಾಗುತ್ತದೆ. ಬಿರುಸು ಗೊತ್ತಾಗುವುದಿಲ್ಲ ಅಷ್ಟೇ. ಅಂದಹಾಗೆ ಆ ಪ್ರಸಿದ್ಧ 10,000 ಹೆಜ್ಜೆ ಸಂಶೋಧನೆಯಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಿದ ಪೆಡೋಮೀಟರಿನ ಹೆಸರಿನಲ್ಲೇ ಆ ಅಂಕಿ ಇತ್ತು.

ಪ್ರಶ್ನಾವಳಿ ಅಗ್ಗ. ಯಾವ ಬಗೆಯ ಚಟುವಟಿಕೆ, ಎಲ್ಲಿ ಮಾಡಿದ್ದು, ಅನ್ನುವುದನ್ನು ಅದೊಂದೇ ಹೇಳಬಲ್ಲದು. ಆದರೆ ನೆನಪನ್ನು, ಒಳ್ಳೆಯವರಾಗಿ ಕಾಣುವ ಆಸೆಯನ್ನು ನಂಬಿಕೊಂಡಿದೆ. ಆಕ್ಸೆಲೆರೋಮೀಟರ್ (ಚಲನೆಯ ವೇಗ ಬದಲಾಗುವುದನ್ನು ಹಿಡಿಯುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಸೆನ್ಸರ್) ಸುಳ್ಳು ಹೇಳುವುದಿಲ್ಲ, ಆದರೆ ಅರ್ಥವೂ ಮಾಡಿಕೊಳ್ಳುವುದಿಲ್ಲ. ಸೊಂಟಕ್ಕೆ ಕಟ್ಟಿದರೆ ಸೈಕಲ್ ತುಳಿದದ್ದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. 20 ಕಿಲೋ ಹೊತ್ತು ನಡೆದರೂ ಬರಿಗೈಲಿ ನಡೆದರೂ ಹೆಚ್ಚು ಕಮ್ಮಿ ಒಂದೇ.

ಆಗುವುದಿದ್ದರೆ ಎರಡನ್ನೂ ಮಾಡಿ ಅನ್ನುವುದು ನನ್ನ ಸಲಹೆ. ಎಲ್ಲರಿಗೂ ಪ್ರಶ್ನಾವಳಿ, ಒಂದು ಭಾಗಕ್ಕೆ ಮೀಟರ್.

ಜನ ಸ್ವಂತಕ್ಕೆ ಕೊಂಡ ಸ್ಮಾರ್ಟ್ ವಾಚಿನ ಡೇಟಾ ಸಾಕಲ್ವಾ ಅಂತ ಕೇಳುವವರಿದ್ದಾರೆ. ಎಚ್ಚರ. ವಾಚು ಕೊಂಡವರು ಕೊಳ್ಳದವರ ಹಾಗಿರುವುದಿಲ್ಲ. ಒಳಗಿನ ಲೆಕ್ಕಾಚಾರ ಕಂಪನಿಯ ಗುಟ್ಟು, ಅಧ್ಯಯನದ ನಡುವೆ ಒಂದು ಅಪ್‌ಡೇಟ್ ಬಂದು ಅದು ಬದಲಾದರೆ ನಿಮಗೆ ತಿಳಿಯುವುದೇ ಇಲ್ಲ.

3. ಪ್ರಶ್ನೆ ಕೇಳುವ ರೀತಿ

ಹೊಸ ಪ್ರಶ್ನಾವಳಿ ಬರೆಯಲು ಕೂರಬೇಡಿ. ದಯವಿಟ್ಟು. ಐಪ್ಯಾಕ್, ಜಿಪ್ಯಾಕ್ ಅಂತ ಎರಡು ಸಿದ್ಧವಿವೆ. ಐಪ್ಯಾಕ್ ಅನ್ನು 12 ದೇಶಗಳಲ್ಲಿ ಪರೀಕ್ಷಿಸಿ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಅದರ ಚಿಕ್ಕ ರೂಪ ಕಳೆದ 7 ದಿನದ ನಡಿಗೆ, ಮಧ್ಯಮ, ಬಿರುಸು ಮತ್ತು ಕೂತ ಹೊತ್ತನ್ನು ಕೇಳುತ್ತದೆ. ಜಿಪ್ಯಾಕ್ ವಿಶ್ವ ಆರೋಗ್ಯ ಸಂಸ್ಥೆಯದು, 16 ಪ್ರಶ್ನೆ. ದುಡಿಮೆ, ಓಡಾಟ, ಬಿಡುವು ಬೇರೆ ಬೇರೆ ಕೇಳುತ್ತದೆ, ಮಾಮೂಲಿ ವಾರದ ಬಗ್ಗೆ. ಮೈ ಮುರಿದು ದುಡಿಯುವ ಜನ ಜಾಸ್ತಿ ಇದ್ದರೆ ನಾನು ಜಿಪ್ಯಾಕ್ ಕಡೆ.

ಅನುವಾದದಲ್ಲಿ ಎಲ್ಲರೂ ಎಡವುವ ಜಾಗ ಪದಗಳು. "ನೀವು ವ್ಯಾಯಾಮ ಮಾಡ್ತೀರಾ?" ಅಂತ ಕೇಳಿ ನೋಡಿ. "ಅದಕ್ಕೆಲ್ಲ ಪುರುಸೊತ್ತೆಲ್ಲಿ?" ಅನ್ನುತ್ತಾರೆ, ಬೆಳಗಿನಿಂದ ಸಂಜೆವರೆಗೆ ನಿಂತು ದುಡಿದು ಬಂದವರೇ. "ಸಾಧಾರಣ ತೀವ್ರತೆಯ ಚಟುವಟಿಕೆ" ಅಂತ ಬರೆದರೆ ಇನ್ನೂ ಮಜಾ. ಸಾಧಾರಣ ಅಂದರೆ ನಮ್ಮ ಕಿವಿಗೆ ಮಾಮೂಲಿ, ಅಷ್ಟಕ್ಕಷ್ಟೇ ಅಂತ ಕೇಳುತ್ತದೆ. ಜನ ಎಲ್ಲ ಮಾಮೂಲಿ ಕೆಲಸವನ್ನೂ ಸೇರಿಸಿ ನಿಮಿಷ ಹೇಳುತ್ತಾರೆ. ಪದದ ಬದಲು ಮೈಗೆ ಆಗುವುದನ್ನು ಕೇಳಿ: "ಉಸಿರು ಸ್ವಲ್ಪ ಜೋರಾಗುತ್ತೆ, ಆದರೂ ಮಾತಾಡಬಹುದು" ಅಂದರೆ ಮಧ್ಯಮ. "ಏದುಸಿರು ಬರುತ್ತೆ, ಎರಡು ಮೂರು ಪದಕ್ಕಿಂತ ಜಾಸ್ತಿ ಒಂದೇ ಉಸಿರಿಗೆ ಆಗಲ್ಲ" ಅಂದರೆ ಬಿರುಸು. ಜೊತೆಗೆ ನಿಮ್ಮ ಜನ ನಿಜವಾಗಿ ಮಾಡುವ ಕೆಲಸಗಳ ಉದಾಹರಣೆ ಅಥವಾ ಚಿತ್ರ ಇರಲಿ. ಅನುವಾದ ಆದ ಮೇಲೆ, ಮೂಲ ನೋಡದ ಇನ್ನೊಬ್ಬರಿಂದ ಹಿಮ್ಮುಖ ಅನುವಾದ ಮಾಡಿಸಿ. ಆಮೇಲೆ ಹತ್ತು ಜನರ ಹತ್ತಿರ ಓದಿಸಿ, "ನಿಮಗೆ ಏನು ಅರ್ಥ ಆಯ್ತು?" ಅಂತ ಕೇಳಿ. ಈ ಹತ್ತು ಜನ ನಿಮಗೆ ಕಲಿಸುವಷ್ಟನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಇನ್ನೊಂದು ಬಲೆ: "ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ." ಈ ಎರಡೂ ಪ್ರಶ್ನಾವಳಿಗಳಲ್ಲಿ ಈ ಷರತ್ತು ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಇದನ್ನು ಕೈಬಿಟ್ಟಿದೆ, ಎರಡು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಸಮೀಕ್ಷೆಗೆ ಹೋಲಿಸಬೇಕಿದ್ದರೆ ಷರತ್ತು ಉಳಿಸಿಕೊಳ್ಳಿ. ಬಿಟ್ಟರೆ, ಬಿಟ್ಟದ್ದನ್ನು ಬರೆಯಿರಿ. ಕದ್ದುಮುಚ್ಚಿ ಬದಲಿಸುವುದು ಮಾತ್ರ ಬೇಡ.

4. ಉತ್ತರ ಶುಚಿ ಮಾಡಿ, ಲೆಕ್ಕ ಹಾಕಿ

ಐಪ್ಯಾಕ್‌ನ ಲೆಕ್ಕದಲ್ಲಿ ನಡಿಗೆಗೆ 3.3, ಮಧ್ಯಮಕ್ಕೆ 4, ಬಿರುಸಿಗೆ 8 ಮೆಟ್. ಮೆಟ್ ಅನ್ನು ನಿಮಿಷದಿಂದ, ದಿನದಿಂದ ಗುಣಿಸಿದರೆ ಬರುವುದು ಮೆಟ್-ನಿಮಿಷ. ಒಬ್ಬರು ಹೀಗೆ ಹೇಳಿದರು ಅನ್ನಿ: 5 ದಿನ 30 ನಿಮಿಷ ನಡಿಗೆ, 2 ದಿನ 60 ನಿಮಿಷ ಮಧ್ಯಮ, 3 ದಿನ 20 ನಿಮಿಷ ಬಿರುಸು.

ನಡಿಗೆ: 3.3 × 30 × 5 = 495
ಮಧ್ಯಮ: 4 × 60 × 2 = 480
ಬಿರುಸು: 8 × 20 × 3 = 480
ಒಟ್ಟು: 1,455 ಮೆಟ್-ನಿಮಿಷ

ಐಪ್ಯಾಕ್ ನಿಯಮದಲ್ಲಿ 3 ದಿನ ಬಿರುಸು ಇದ್ದು ಒಟ್ಟು 1,500 ಮುಟ್ಟಿದರೆ "ಹೆಚ್ಚು" ಗುಂಪು. ಇವರು 45 ಅಂಕದಿಂದ ತಪ್ಪಿ "ಮಧ್ಯಮ" ಗುಂಪಿಗೆ ಬಿದ್ದರು. ಇಡೀ ವಾರದಲ್ಲಿ ಹದಿನಾಲ್ಕು ನಿಮಿಷ ಜಾಸ್ತಿ ನಡೆದಿದ್ದೇನೆ ಅಂದಿದ್ದರೆ ಮೇಲಕ್ಕೆ ಹತ್ತುತ್ತಿದ್ದರು. ಕಳೆದ ವಾರದ ಹದಿನಾಲ್ಕು ನಿಮಿಷ ಯಾರಿಗೆ ನೆನಪಿರುತ್ತದೆ? ಅದಕ್ಕೇ ಗುಂಪು ಮಾಡಿದರೂ ಪೂರ್ತಿ ಅಂಕಿಯನ್ನು ಇಟ್ಟುಕೊಳ್ಳಿ. ಇನ್ನೂ ಒಂದು ವಿಷಯ: ಜಿಪ್ಯಾಕ್‌ನಲ್ಲಿ ಓಡಾಟದ ನಡಿಗೆಗೂ 4 ಮೆಟ್. ಅದೇ 150 ನಿಮಿಷ ನಡಿಗೆ ಅಲ್ಲಿ 600 ಆಗುತ್ತದೆ. ಇವೆರಡನ್ನು ಒಂದೇ ಕೋಷ್ಟಕದಲ್ಲಿ ಹಾಕಿದವರನ್ನು ನೋಡಿದ್ದೇನೆ.

ಶುಚಿ ಮಾಡುವಾಗ ನೋಡಬೇಕಾದ್ದು:

ಗಂಟೆಯ ಕಾಲಂನಲ್ಲಿ 30, 45 ಅಂತ ಇದ್ದರೆ ಅದು ನಿಮಿಷವೇ. ಐಪ್ಯಾಕ್ ಕೈಪಿಡಿಯೂ 15, 30, 45, 60, 90ನ್ನು ನಿಮಿಷ ಅಂತ ತಿದ್ದಲು ಹೇಳುತ್ತದೆ.

ಒಟ್ಟು ದಿನಕ್ಕೆ 16 ಗಂಟೆ ದಾಟಿದರೆ ಆ ವ್ಯಕ್ತಿಯನ್ನು ಲೆಕ್ಕದಿಂದ ಬಿಡಬೇಕು.

ಪ್ರತಿ ಬಗೆಯನ್ನು ದಿನಕ್ಕೆ 180 ನಿಮಿಷಕ್ಕೆ ಕತ್ತರಿಸುವ ನಿಯಮವೂ ಐಪ್ಯಾಕ್‌ನಲ್ಲಿದೆ. ಕಚೇರಿ ಜನರಿಗೆ ಇದು ಸರಿ. 8 ಗಂಟೆ ಕಟ್ಟಡದ ಕೆಲಸ ಮಾಡುವವರಿಗೆ ಇದು ಸುಳ್ಳನ್ನಲ್ಲ, ಸತ್ಯವನ್ನೇ ಕತ್ತರಿಸುತ್ತದೆ. ಕತ್ತರಿಸಿ ಒಂದು ಸಲ, ಕತ್ತರಿಸದೆ ಒಂದು ಸಲ ಲೆಕ್ಕ ಹಾಕಿ ಎರಡನ್ನೂ ನೋಡಿ.

ಖಾಲಿ ಬಿಟ್ಟ ಉತ್ತರ ಸೊನ್ನೆಯಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಕೊನೆಗೆ, ಸರಾಸರಿಯನ್ನಷ್ಟೇ ಬರೆಯಬೇಡಿ. ಈ ಅಂಕಿಗಳು ಒಂದು ಕಡೆ ವಾಲಿರುತ್ತವೆ, ನಾಲ್ಕು ಜನ ಓಟಗಾರರು ಸರಾಸರಿಯನ್ನು ಎಳೆದುಕೊಂಡು ಹೋಗುತ್ತಾರೆ. ಮಧ್ಯಾಂಕ (ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನವರ ಅಂಕಿ) ಕೊಡಿ.

5. ಮೀಟರ್: ಎಲ್ಲಿ ಕಟ್ಟುವುದು, ಎಷ್ಟು ದಿನ, ಎಷ್ಟು ಮೀಟರ್

ಸೊಂಟ ಅಥವಾ ಮಣಿಕಟ್ಟು. ಸೊಂಟ ದೇಹದ ನಡುಭಾಗ, ನಡಿಗೆ ಓಟ ಚೆನ್ನಾಗಿ ಸಿಗುತ್ತದೆ. ಆದರೆ ಜನ ಮಲಗುವಾಗ, ಸ್ನಾನಕ್ಕೆ, ಬಟ್ಟೆ ಬದಲಿಸುವಾಗ ಬಿಚ್ಚುತ್ತಾರೆ, ಮತ್ತೆ ಕಟ್ಟಲು ಮರೆಯುತ್ತಾರೆ. ಮಣಿಕಟ್ಟಿಗೆ ಕಟ್ಟಿದರೆ ಬಿಚ್ಚುವ ಮಾತೇ ಇಲ್ಲ, ನಿದ್ದೆಯೂ ಸಿಗುತ್ತದೆ. ಆದರೆ ಕೂತು ಕೈ ಆಡಿಸಿದ್ದೂ ಚಟುವಟಿಕೆ ಆಗುತ್ತದೆ. ಕೈಗಾಡಿ ಹಿಡಿದು ನಡೆದರೆ ನಡಿಗೆ ಕಾಣುವುದಿಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ ಎನ್‌ಹೇನ್ಸ್ 2003ರಿಂದ 2006ರವರೆಗೆ ಸೊಂಟಕ್ಕೆ ಕಟ್ಟಿಸಿತು, ಎಚ್ಚರವಿದ್ದಾಗ ಮಾತ್ರ. 2011ರಿಂದ 2014ರವರೆಗೆ ಮಣಿಕಟ್ಟಿಗೆ, ದಿನವಿಡೀ. ಕಾರಣ ಸರಳ, ಮಣಿಕಟ್ಟಿಗಾದರೆ ಜನ ಕಟ್ಟಿಕೊಂಡೇ ಇರುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಬಿಚ್ಚಿಟ್ಟ ಒಳ್ಳೆ ಮೀಟರಿಗಿಂತ ಕೈಲಿರುವ ಸುಮಾರು ಮೀಟರೇ ಮೇಲು. ಆದರೆ ಯಾವ ಕೈ ಅಂತ ತೀರ್ಮಾನಿಸಿ, ಬರೆದಿಡಿ. ಎನ್‌ಹೇನ್ಸ್‌ನವರು ಕಮ್ಮಿ ಬಳಸುವ ಕೈಗೆ ಕಟ್ಟಿಸಿದರು, ಬ್ರಿಟನ್ನಿನ ದೊಡ್ಡ ಆರೋಗ್ಯ ಅಧ್ಯಯನ ಯುಕೆ ಬಯೋಬ್ಯಾಂಕ್‌ನವರು ಹೆಚ್ಚು ಬಳಸುವ ಕೈಗೆ. ಅಷ್ಟೇ ಸಾಕು ಹೋಲಿಕೆ ಕೆಡಲು.

ದಿನ: 7. ವಾರದ ದಿನ, ರಜೆ ದಿನ ಎರಡೂ ಬರಬೇಕು.

ಮೀಟರ್ ಎಷ್ಟು ಬೇಕು? ಹೋಗಲು ಬರಲು ಒಂದು ವಾರ, ಧರಿಸಲು ಒಂದು ವಾರ, ಡೇಟಾ ಇಳಿಸಿ ಚಾರ್ಜ್ ಮಾಡಿ ಒರೆಸಿ ಮತ್ತೆ ಕಳಿಸಲು ಇನ್ನೊಂದು ವಾರ ಅಂದುಕೊಳ್ಳಿ. ಒಂದು ಮೀಟರ್ ವರ್ಷಕ್ಕೆ 17 ಸುತ್ತು ಹೊಡೆಯುತ್ತದೆ. 100 ಮೀಟರ್ ಇದ್ದರೆ ವರ್ಷಕ್ಕೆ 1,700 ಜನ, ಅದೂ ಒಂದೂ ಕಳೆಯದಿದ್ದರೆ. ಕಳೆಯುತ್ತವೆ. ಕೆಲವು ಬಟ್ಟೆ ಜೊತೆ ವಾಷಿಂಗ್ ಮೆಷಿನ್‌ಗೂ ಹೋಗುತ್ತವೆ.

6. ಕೈಗೆ ಕೊಡುವ ಮುಂಚೆ

ಎಲ್ಲ ಮೀಟರಿನ ಗಡಿಯಾರ ಒಂದೇ ಕಂಪ್ಯೂಟರಿನಿಂದ ಹೊಂದಿಸಿ. ಮೀಟರಿನ ನಂಬರು ಮತ್ತು ವ್ಯಕ್ತಿಯ ಸಂಕೇತ ಸಂಖ್ಯೆಯನ್ನು ಬಾರ್‌ಕೋಡ್‌ನಿಂದಲೇ ಜೋಡಿಸಿ, ಕೈಬರಹ ನಂಬಬೇಡಿ. ಪರದೆ ಇಲ್ಲದ ಮೀಟರನ್ನೇ ಆರಿಸಿ. ಅಂಕಿ ಕಂಡರೆ ಜನ ಜಾಸ್ತಿ ನಡೆಯುತ್ತಾರೆ. ಕಾಣದಿದ್ದರೂ ಮೊದಲ ದಿನ ಸ್ವಲ್ಪ ಹುರುಪು ಇದ್ದೇ ಇರುತ್ತದೆ.

ಜೊತೆಗೆ ಒಂದು ಪುಟದ ಚೀಟಿ ಇರಲಿ, ಚಿತ್ರ ಸಮೇತ: ಯಾವ ಕೈ, ಯಾವ ಮುಖ ಮೇಲೆ, ನೀರಿಗೆ ಆಗುತ್ತೋ ಇಲ್ಲವೋ, ತುರಿಕೆ ಬಂದರೆ ಏನು ಮಾಡಬೇಕು, ಯಾವ ದಿನ ವಾಪಸ್. ಒಂದು ಚಿಕ್ಕ ದಿನಚರಿಯೂ ಇರಲಿ, ಮಲಗಿದ್ದು ಎದ್ದದ್ದು ಬಿಚ್ಚಿದ್ದು ಬರೆಯಲು. ಮೂರನೇ ದಿನ ಒಂದು ನೆನಪಿನ ಸಂದೇಶ ಕಳಿಸಿ.

ಒಪ್ಪಿಗೆ ಪತ್ರದಲ್ಲಿ ಸ್ಪಷ್ಟವಾಗಿ ಹೇಳಿ: ಇದು ಎಲ್ಲಿದ್ದೀರಿ ಅಂತ ನೋಡುವುದಿಲ್ಲ, ಮಾತು ಕೇಳಿಸಿಕೊಳ್ಳುವುದಿಲ್ಲ. ಜನ ಹೆದರುವುದು ಅದಕ್ಕೇ.

7. ಕಚ್ಚಾ ಡೇಟಾದಿಂದ ನಿಮಿಷಕ್ಕೆ

ಇಲ್ಲಿ ನಿಧಾನ. ಯುಕೆ ಬಯೋಬ್ಯಾಂಕ್ 2013ರಿಂದ 2015ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಆಕ್ಸಿವಿಟಿ ಮೀಟರನ್ನು ಅಂಚೆಯಲ್ಲಿ ಕಳಿಸಿ 7 ದಿನ ಕಟ್ಟಿಸಿತು. ಸೆಕೆಂಡಿಗೆ 100 ಸಲ, ಮೂರು ದಿಕ್ಕಿನಲ್ಲಿ ಅಳತೆ. ಲೆಕ್ಕ ಹಾಕಿ: ಒಬ್ಬರಿಗೆ ವಾರಕ್ಕೆ 6 ಕೋಟಿ 4 ಲಕ್ಷ 80 ಸಾವಿರ ಸಲ, ಮೂರು ದಿಕ್ಕು ಸೇರಿ 18 ಕೋಟಿ ದಾಟುವ ಅಂಕಿ. ಇದನ್ನು ಎಕ್ಸೆಲ್‌ನಲ್ಲಿ ತೆರೆಯಲು ಹೋಗಬೇಡಿ. ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಜಿಜಿಐಆರ್ ಅನ್ನುವ ಉಚಿತ ಪ್ಯಾಕೇಜ್ ಇದೆ, ಕೆಳಗೆ ಹೇಳುವ ಹೆಚ್ಚಿನ ಕೆಲಸ ಅದೇ ಮಾಡುತ್ತದೆ. ಆದರೂ ಒಳಗೆ ಏನಾಗುತ್ತದೆ ಅಂತ ನಿಮಗೆ ಗೊತ್ತಿರಬೇಕು.

ಮೊದಲು ಸೆನ್ಸರ್ ಸರಿಯಿದೆಯೇ ನೋಡುವುದು. ಅಲ್ಲಾಡದೆ ಬಿದ್ದಿರುವ ಮೀಟರ್ ಭೂಮಿಯ ಸೆಳೆತವನ್ನಷ್ಟೇ, ಅಂದರೆ 1 ಜಿ ತೋರಿಸಬೇಕು. 1.03 ತೋರಿಸಿದರೆ ಅಷ್ಟನ್ನು ಸರಿಪಡಿಸಬೇಕು. ಆಮೇಲೆ ಮೂರು ದಿಕ್ಕನ್ನೂ ಸೇರಿಸಿ ಒಂದು ಅಂಕಿ ಮಾಡಿ, ಅದರಿಂದ ಆ 1 ಜಿ ಕಳೆದು, ಸೊನ್ನೆಗಿಂತ ಕೆಳಗೆ ಬಂದದ್ದನ್ನು ಸೊನ್ನೆ ಮಾಡುತ್ತಾರೆ. ಇದಕ್ಕೆ ಎನ್ಮೊ ಅಂತ ಹೆಸರು. ಅಳತೆ ಮಿಲಿ-ಜಿಯಲ್ಲಿ, ಅಂದರೆ ಜಿಯ ಸಾವಿರದ ಒಂದು ಭಾಗ.

ಎರಡನೆಯದು, ಧರಿಸದ ಹೊತ್ತು ಹುಡುಕುವುದು. ಹೆಚ್ಚು ಬಳಕೆಯಲ್ಲಿರುವ ನಿಯಮ: 60 ನಿಮಿಷದ ಅವಧಿಯಲ್ಲಿ ಏರಿಳಿತ 13 ಮಿಲಿ-ಜಿಗಿಂತ ಕಮ್ಮಿ ಇದ್ದರೆ ಮೀಟರ್ ಮೇಜಿನ ಮೇಲಿದೆ ಅಂತ ಅರ್ಥ. ಗಾಢ ನಿದ್ದೆಯೂ ಹಾಗೇ ಕಾಣಬಹುದು, ದಿನಚರಿ ಇಟ್ಟದ್ದು ಅದಕ್ಕೇ. ಇದರ ಉಲ್ಟಾ ತಪ್ಪೂ ಆಗುತ್ತದೆ. ಅಂಚೆ ಚೀಲದಲ್ಲಿ ಕುಲುಕಾಡುತ್ತ ಹೋಗುವ ಮೀಟರ್ "ಚಟುವಟಿಕೆ" ಬರೆದುಕೊಳ್ಳುತ್ತಲೇ ಇರುತ್ತದೆ. ಮೊದಲ ದಿನ, ಕೊನೆ ದಿನ ಯಾರೋ ಮೂರು ಗಂಟೆ ಒಂದೇ ಸಮನೆ ಓಡಿದ್ದು ಕಂಡರೆ ಅದು ಅಂಚೆ ಗಾಡಿ.

ಮೂರನೆಯದು, ಯಾವ ದಿನ ಲೆಕ್ಕಕ್ಕೆ ಬರುತ್ತದೆ. ಸೊಂಟದ ಮೀಟರಿಗೆ ರೂಢಿ 10 ಗಂಟೆ ಧರಿಸಿದ ದಿನ, ಅಂಥವು ಕನಿಷ್ಠ 4. ಬಯೋಬ್ಯಾಂಕ್ ಕನಿಷ್ಠ 72 ಗಂಟೆ ಕೇಳಿತು, ಜೊತೆಗೆ ದಿನದ 24 ಗಂಟೆಗಳಲ್ಲಿ ಪ್ರತಿ ಗಂಟೆಗೂ ಯಾವುದಾದರೂ ಒಂದು ದಿನದ ಡೇಟಾ ಇರಬೇಕು. ನಿಯಮ ಬಿಗಿ ಮಾಡಿದಷ್ಟೂ ಡೇಟಾ ಶುದ್ಧ, ಜನ ಕಮ್ಮಿ. ಉಳಿಯುವವರು ಯಾರು? ಶಿಸ್ತಿನವರು, ಆರೋಗ್ಯವಂತರು. ಬಿಟ್ಟುಹೋದವರ ವಯಸ್ಸು, ತೂಕ, ಕಾಯಿಲೆ ಹೇಗಿತ್ತು ಅಂತ ಒಂದು ಕೋಷ್ಟಕ ಹಾಕಲೇಬೇಕು.

ನಾಲ್ಕನೆಯದು ಗೆರೆ ಎಳೆಯುವುದು, ಅಂದರೆ ಕಟ್‌ಪಾಯಿಂಟ್. ಇದೇ ಅತಿ ದೊಡ್ಡ ಬಲೆ. ಹಳೆಯ ಸೊಂಟದ ಮೀಟರುಗಳು ಚಲನೆಯನ್ನು "ಕೌಂಟ್" ಅನ್ನುವ ಸ್ವಂತ ಮಾನದಲ್ಲಿ ಕೊಡುತ್ತಿದ್ದವು. ನಿಮಿಷಕ್ಕೆ ಎಷ್ಟು ಕೌಂಟ್ ಆದರೆ ಮಧ್ಯಮ? ಟ್ರೆಡ್‌ಮಿಲ್ ಮೇಲೆ ಜನರನ್ನು ನಡೆಸಿ ಕಂಡುಕೊಂಡ ಗೆರೆ 1,952. ಎನ್‌ಹೇನ್ಸ್‌ಗೆ ಬಳಸಿದ್ದು 2,020. ಮನೆಗೆಲಸದಂಥದ್ದನ್ನೂ ಹಿಡಿಯಲು ಇನ್ನೊಬ್ಬರು ಎಳೆದದ್ದು 760. ಈಗ 1,000 ಕೌಂಟ್ ಬಂದ ಒಂದು ನಿಮಿಷ ತಗೊಳ್ಳಿ. ಒಂದು ಗೆರೆಯಲ್ಲಿ ಅದು ಮಧ್ಯಮ, ಉಳಿದೆರಡರಲ್ಲಿ ಹಗುರ. ಮನುಷ್ಯ ಅವನೇ, ನಿಮಿಷ ಅದೇ. ಇಂಥ ನಿಮಿಷಗಳು ದಿನದಲ್ಲಿ ಬೇಕಾದಷ್ಟು.

2003–04ರ ಎನ್‌ಹೇನ್ಸ್ ಫಲಿತಾಂಶ ಎಲ್ಲರೂ ಉದ್ಧರಿಸುತ್ತಾರೆ: ಬಾಯಿಮಾತಿನಲ್ಲಿ ಸುಮಾರು ಅರ್ಧದಷ್ಟು ದೊಡ್ಡವರು ಶಿಫಾರಸು ಮುಟ್ಟಿದ್ದರು, ಮೀಟರಿನಲ್ಲಿ ಶೇ. 5ಕ್ಕಿಂತ ಕಮ್ಮಿ. "ಜನ ಸುಳ್ಳು ಹೇಳ್ತಾರೆ" ಅಂತ ತೀರ್ಪು ಕೊಡುವ ಮುಂಚೆ ನೋಡಿ. ಮೀಟರಿನ ಲೆಕ್ಕದಲ್ಲಿ 2,020ರ ಗೆರೆಯೂ ಇತ್ತು, ಸತತ 10 ನಿಮಿಷದ ಷರತ್ತೂ ಇತ್ತು. ಜನ ಹೆಚ್ಚು ಹೇಳುವುದು ನಿಜ. ಆದರೆ ಅಷ್ಟು ದೊಡ್ಡ ಕಂದರದಲ್ಲಿ ಒಂದು ಪಾಲು ನಮ್ಮ ಗೆರೆಗಳದ್ದೇ.

ನನ್ನ ಸಲಹೆ: ಗೆರೆಗಳನ್ನು ಡೇಟಾ ನೋಡುವ ಮುಂಚೆಯೇ ಬರೆದಿಡಿ. ಮಕ್ಕಳು, ವಯಸ್ಸಾದವರಿಗೆ ಬೇರೆ ಗೆರೆ ಬೇಕು, ಮಣಿಕಟ್ಟಿನದ್ದು ಸೊಂಟಕ್ಕೆ ಆಗುವುದಿಲ್ಲ. ಜೊತೆಗೆ ಗೆರೆಯೇ ಬೇಡದ ಒಂದು ಅಳತೆಯನ್ನೂ ಕೊಡಿ, ದಿನದ ಸರಾಸರಿ ಮಿಲಿ-ಜಿ.

8. ಕಾಯಿಲೆಯ ಜೊತೆ ನಂಟು ನೋಡುವಾಗ

ಮೊದಲ ಬಲೆ ಉಲ್ಟಾ ಕಾರಣ. ಕಮ್ಮಿ ಓಡಾಡುವವರು ಬೇಗ ಸಾಯುತ್ತಾರೆ ಅಂತ ಕಂಡಿತು. ಓಡಾಡದ್ದಕ್ಕೆ ಕಾಯಿಲೆ ಬಂತೋ, ಆಗಲೇ ಒಳಗೆ ಕಾಯಿಲೆ ಇದ್ದದ್ದಕ್ಕೆ ಓಡಾಡಲಿಲ್ಲವೋ? ಶುರುವಿನಲ್ಲೇ ಕಾಯಿಲೆ ಇದ್ದವರನ್ನು ಬಿಟ್ಟು, ಮೊದಲ ಕೆಲವು ವರ್ಷದ ಸಾವುಗಳನ್ನೂ ಬಿಟ್ಟು ಮತ್ತೊಮ್ಮೆ ಲೆಕ್ಕ ಹಾಕಿ. ನಂಟು ಕುಸಿದರೆ ಅನುಮಾನ ಪಡಿ.

ಎರಡನೆಯದು ಆ ಬಸ್ಸಿನ ಬಾಲ. ಕೆಲವು ವರ್ಷದ ಮೇಲೆ, 1956ರಲ್ಲಿ, ಮಾರಿಸ್ ತಂಡವೇ ಸಿಬ್ಬಂದಿಯ ಸಮವಸ್ತ್ರದ ಅಳತೆ ನೋಡಿತು. ಅದೇ ವಯಸ್ಸಿನ ಕಂಡಕ್ಟರುಗಳಿಗಿಂತ ಡ್ರೈವರುಗಳ ಪ್ಯಾಂಟಿನ ಸೊಂಟ ದಪ್ಪ. ಅಂದರೆ ಎರಡು ಗುಂಪು ಮೆಟ್ಟಿಲು ಹತ್ತುವುದರಲ್ಲಿ ಮಾತ್ರ ಬೇರೆಯಾಗಿರಲಿಲ್ಲ. ತಮ್ಮದೇ ಫಲಿತಾಂಶವನ್ನು ಹೀಗೆ ಕೆದಕುವ ಧೈರ್ಯ ಇರಬೇಕು. ನಿಮ್ಮ ಡೇಟಾದಲ್ಲಿ ಆ ಪ್ಯಾಂಟು ಯಾವುದು? ಹೊಗೆಸೊಪ್ಪು, ಆದಾಯ, ಊಟ, ತೂಕ, ಹುದ್ದೆ, ಇವೆಲ್ಲ ನೋಡಿ.

ಮೂರನೆಯದು, ಅಳತೆಯ ಗದ್ದಲ. ಒಂದು ವಾರದ ಮೀಟರ್ ಒಬ್ಬರ ಇಡೀ ಬದುಕಲ್ಲ. ಆ ವಾರ ಮಳೆ ಇತ್ತು, ಜ್ವರ ಇತ್ತು, ಮದುವೆ ಇತ್ತು. ಇಂಥ ಗದ್ದಲ ಸಾಮಾನ್ಯವಾಗಿ ನಿಜವಾದ ನಂಟನ್ನು ಸಪ್ಪೆ ಮಾಡಿ ತೋರಿಸುತ್ತದೆ. ಒಂದು ಸಣ್ಣ ಗುಂಪಿಗೆ ಬೇರೆ ಋತುವಿನಲ್ಲಿ ಮತ್ತೆ ಕಟ್ಟಿಸಿದರೆ ಎಷ್ಟು ಸಪ್ಪೆಯಾಗಿದೆ ಅಂತ ಅಂದಾಜು ಸಿಗುತ್ತದೆ.

ನಾಲ್ಕನೆಯದನ್ನು ತುಂಬ ಜನ ಗಮನಿಸುವುದಿಲ್ಲ: ದಿನಾಂಕ. ಬಯೋಬ್ಯಾಂಕ್‌ನಲ್ಲಿ ಜನ ಸೇರಿದ್ದು 2006ರಿಂದ 2010ರ ನಡುವೆ, ಮೀಟರ್ ಕಟ್ಟಿದ್ದು 2013ರ ನಂತರ. ತೂಕ, ಧೂಮಪಾನದ ಮಾಹಿತಿಯನ್ನು ಸೇರಿದ ದಿನದಿಂದ ತಗೊಂಡರೆ ಅದು ಹಲವು ವರ್ಷ ಹಳೆಯದು. ಕಾಯಿಲೆಯ ಗಡಿಯಾರವನ್ನು ಮೀಟರ್ ಕಟ್ಟಿದ ದಿನದಿಂದ ಶುರು ಮಾಡಬೇಕು, ಸೇರಿದ ದಿನದಿಂದಲ್ಲ. ಅಲ್ಲಿಗೆ ಕರೆದವರಲ್ಲಿ ಸೇರಿದ್ದೇ ಶೇ. 5.5 ಜನ. ಹಾಗಾಗಿ "ದೇಶದ ಜನ ಸರಾಸರಿ ಇಷ್ಟು ಓಡಾಡುತ್ತಾರೆ" ಅನ್ನಲು ಅದು ಬಾರದು, ಓಡಾಟಕ್ಕೂ ಕಾಯಿಲೆಗೂ ನಂಟು ನೋಡಲು ಬರುತ್ತದೆ. ಇವೆರಡು ಬೇರೆ ಕೆಲಸ.

ಇನ್ನು, ದಿನಕ್ಕೆ 1,440 ನಿಮಿಷ, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ನಡಿಗೆ 30 ನಿಮಿಷ ಹೆಚ್ಚಾದರೆ ಇನ್ಯಾವುದೋ 30 ನಿಮಿಷ ಕಮ್ಮಿಯಾಗಿರಬೇಕು. ನಿದ್ದೆಯಿಂದ ಕದ್ದದ್ದೋ, ಟಿವಿ ಮುಂದಿನಿಂದ ಎದ್ದದ್ದೋ ಅನ್ನುವುದರಲ್ಲಿ ಅಜಗಜಾಂತರ. ನಂಟಿನ ಲೆಕ್ಕ ಹಾಕುವಾಗ ಯಾವುದರ ಬದಲಿಗೆ ಯಾವುದು ಅಂತ ಹೇಳಿ.

9. ಬರೆಯುವಾಗ, ಎತ್ತಿಡುವಾಗ

ವರದಿಯಲ್ಲಿ ಇಷ್ಟು ಇರಲೇಬೇಕು: ಮೀಟರಿನ ಹೆಸರು ಮತ್ತು ಮಾದರಿ, ಕಟ್ಟಿದ ಜಾಗ, ಯಾವ ಕೈ, ಸೆಕೆಂಡಿಗೆ ಎಷ್ಟು ಸಲ ಅಳತೆ, ಎಷ್ಟು ಹೊತ್ತಿನ ತುಂಡಿಗೆ ಸರಾಸರಿ, ಧರಿಸದ ಹೊತ್ತಿನ ನಿಯಮ, ಲೆಕ್ಕಕ್ಕೆ ತಗೊಂಡ ದಿನದ ನಿಯಮ, ಗೆರೆಗಳು, ಸಾಫ್ಟ್‌ವೇರಿನ ಆವೃತ್ತಿ. ಪ್ರಶ್ನಾವಳಿ ಆದರೆ ಅನುವಾದದ ಪೂರ್ತಿ ಪಠ್ಯ. ಪತ್ರಿಕೆಯಲ್ಲಿ ಜಾಗವಿಲ್ಲ ಅಂದರೆ ಅನುಬಂಧಕ್ಕೆ ಹಾಕಿ, ಬಿಡಬೇಡಿ.

ಕಚ್ಚಾ ಫೈಲುಗಳನ್ನು ಅಳಿಸಬೇಡಿ. ಡಿಸ್ಕ್ ತುಂಬಿತು, ನಿಮಿಷದ ಸಾರಾಂಶ ಇದೆಯಲ್ಲ, ಕಚ್ಚಾದು ಯಾಕೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 2003ರಿಂದ 2006ರ ಎನ್‌ಹೇನ್ಸ್ ಮೀಟರುಗಳು ನಿಮಿಷಕ್ಕೊಂದು ಅಂಕಿ ಮಾತ್ರ ಉಳಿಸುತ್ತಿದ್ದವು. ನಂತರ ಬಂದ, ಕಚ್ಚಾ ಅಲೆಯಿಂದ ನಡಿಗೆಯನ್ನೂ ನಿದ್ದೆಯನ್ನೂ ಗುರುತಿಸುವ ವಿಧಾನಗಳನ್ನು ಆ ಸಾವಿರಾರು ಜನರ ಮೇಲೆ ಓಡಿಸಲು ಈಗ ದಾರಿಯಿಲ್ಲ. ಎರಡು ಪ್ರತಿ, ಎರಡು ಬೇರೆ ಜಾಗದಲ್ಲಿ. ಯಾವ ಮೀಟರ್ ಯಾರಿಗೆ ಹೋಗಿತ್ತು ಅನ್ನುವ ಪಟ್ಟಿಯನ್ನು ಮಾತ್ರ ಅದೇ ಫೋಲ್ಡರಿನಲ್ಲಿ ಇಡಬೇಡಿ, ಅದು ಬೀಗ ಹಾಕಿದ ಬೇರೆ ಜಾಗದಲ್ಲಿರಲಿ.